ಎಡಗೈಗೆ ಎಪ್ಪತ್ತಾರು

ಆ ಚಳಿಗಾಲದಲ್ಲಿ ನಮ್ಮತ್ತೆ ಗುರುಶಾಂತಮ್ಮ ಕೊಂಡಜ್ಜಿ ಗುಡ್ಡವನ್ನು ನಲವತ್ತೊಂದು ಸಲ ಹತ್ತಿದರು. ಎಣಿಸಿ ಬರೆದಿಟ್ಟವಳು ನಾನು. ವಾರಕ್ಕೆ ಮೂರು ದಿನ ನಸುಕಿನಲ್ಲೇ ಪೂಜೆ ಮುಗಿಸಿ, ಎಸ್.ಎಸ್. ಬಡಾವಣೆಯ ಮನೆಯಿಂದ ನನ್ನ ಸ್ಕೂಟರಿನ ಹಿಂದೆ ಕೂತು ಹೊರಡುತ್ತಿದ್ದರು. ಸೀರೆಯ ಕೆಳಗೆ ಕ್ಯಾನ್‌ವಾಸ್ ಬೂಟು, ಬೆನ್ನಿಗೆ ಐದು ಕಿಲೋ ಜೋಳ ತುಂಬಿದ ಚೀಲ. ಹಿಮಾಲಯದ ದಾರಿಯಲ್ಲಿ ಹೊರಬೇಕಾದ ತೂಕ ಅಷ್ಟೇ ಎಂದು ನಮ್ಮನ್ನು ಅಲ್ಲಿಗೆ ಕರೆದೊಯ್ಯಲಿದ್ದ ಗಿರೀಶ ಹೇಳಿದ್ದ.

ಗುಡ್ಡದ ಬುಡದಲ್ಲಿ ಕುರಿ ಮೇಯಿಸುವ ಗುತ್ತೆಪ್ಪ ಮೊದಮೊದಲು ಸುಮ್ಮನೆ ನೋಡುತ್ತಿದ್ದ. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ತಡೆಯಲಾಗದೆ ಕೇಳಿಯೇಬಿಟ್ಟ.

"ಟೀಚರಮ್ಮ, ಜೋಳ ಹೊತ್ಕಂಡು ಹತ್ತೀರಿ, ಹಂಗೇ ಹೊತ್ಕಂಡು ಇಳೀತೀರಿ. ಮ್ಯಾಲಿನ ಗಿರಣಿ ಬಂದ್ ಐತೇನ್ರಿ?"

"ಕರೆಂಟ್ ಇಲ್ವಂತಪ್ಪ," ಎಂದರು ಅತ್ತೆ, ನಿಲ್ಲದೆ.

ಅವರಿಗೆ ಅರವತ್ಮೂರು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದವರು. ಇಪ್ಪತ್ತಾರು ಬೇಸಿಗೆ ಇದೇ ಕೊಂಡಜ್ಜಿಯ ಸ್ಕೌಟ್ ಮೈದಾನದಲ್ಲಿ ಮಕ್ಕಳಿಗೆ ಹಗ್ಗದ ಗಂಟು ಹಾಕುವುದನ್ನೂ ಡೇರೆ ನಿಲ್ಲಿಸುವುದನ್ನೂ ಕಲಿಸಿದವರು. ನಾನು ಆಶಾರಾಣಿ, ಅವರ ಸೊಸೆ. ದಾವಣಗೆರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ಬರೆದಿಡದ ಅಳತೆ ಅಳತೆಯೇ ಅಲ್ಲ ಎಂದು ಪ್ರಯೋಗಾಲಯದಲ್ಲಿ ವರ್ಷವಿಡೀ ಹೇಳಿ ಹೇಳಿ, ಮನೆಯಲ್ಲೂ ನೋಟ್‌ಬುಕ್ ಇಡುವ ಚಾಳಿ ಅಂಟಿದೆ. ನಮ್ಮಿಬ್ಬರ ನಡುವೆ ಒಂಬತ್ತು ವರ್ಷದಲ್ಲಿ ಒಂದು ಜಗಳವೂ ಆಗಿರಲಿಲ್ಲ. ಜಗಳವಾಡುವಷ್ಟು ಸಲಿಗೆಯೂ ಬೆಳೆದಿರಲಿಲ್ಲ.

ಹಿಮಾಲಯದ ಮಾತು ತೆಗೆದವಳು ನಾನೇ. ಗಿರೀಶ ಪಿ.ಬಿ. ರಸ್ತೆಯಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಪ್ರತಿ ಬೇಸಿಗೆ ನಮ್ಮೂರಿನ ಹದಿನೈದು ಮಂದಿಯನ್ನು ಕಟ್ಟಿಕೊಂಡು ಗಢವಾಲದ ತಪ್ಪಲಿಗೆ ಚಾರಣ ಹೋಗುತ್ತಾನೆ. ಈ ಸಲ ನಾನು ಹೆಸರು ಕೊಟ್ಟಿದ್ದೇನೆ ಎಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಇನ್ನೊಬ್ರಿಗೆ ಜಾಗ ಐತಂತಾ?" ಎಂದರು.

ನನ್ನ ಗಂಡ ಬಕ್ಕೇಶ್ ನಕ್ಕ. "ನೀವಿಬ್ರೂ? ಒಂದೇ ಟೆಂಟಲ್ಲಿ? ಹೊರಗಿನ ಹಿಮಾನೇ ಬೆಚ್ಚಗನ್ನಿಸ್ತದೆ ಬಿಡಪ್ಪ."

ಅತ್ತೆ ಯಾಕೆ ಕೇಳಿದರೆಂದು ತಿಳಿದಿದ್ದು ಮೂರನೆಯ ಸಲ ಗುಡ್ಡ ಹತ್ತಿದಾಗ. ತುದಿಯಲ್ಲಿ ಕೂತು ಕೆರೆ ನೋಡುತ್ತ ತಾವಾಗಿಯೇ ಹೇಳಿದರು. ನಲವತ್ತು ವರ್ಷದ ಹಿಂದೆ, ಮದುವೆಯಾದ ವರ್ಷವೇ, ಹಿಮಾಲಯದ ತಪ್ಪಲಿನ ಒಂದು ಶಿಬಿರಕ್ಕೆ ಅವರು ಆಯ್ಕೆಯಾಗಿದ್ದರಂತೆ. ಪತ್ರ ಬಂದ ದಿನವೇ ಮರೂನ್ ಬಣ್ಣದ ಉಣ್ಣೆ ತಂದು ಸ್ವೆಟರ್ ಹೆಣೆಯಲು ಕೂತರಂತೆ. ಅವರ ಅತ್ತೆ ಮಾತ್ರ, "ಹೊಸ ಸೊಸೆ ಗುಡ್ಡ ಹತ್ತಾಕೆ ಹೋಗ್ತಾಳಾ? ಬ್ಯಾಡ," ಎಂದರಂತೆ. ಅಷ್ಟೇ ಮಾತು.

"ಸ್ವೆಟರ್ ಏನಾಯ್ತು?" ಎಂದೆ.

"ಮುಗಿಸ್ದೆ. ಒಂದು ತೋಳು ಆಗಿತ್ತು, ಇನ್ನೊಂದು ಬಿಡಾಕಾಗ್ತದಾ?"

ದಾವಣಗೆರೆಯಲ್ಲಿ ಅದನ್ನು ತೊಡುವ ಚಳಿ ಎಲ್ಲಿದೆ? ನಲವತ್ತು ವರ್ಷ ನುಸಿಗುಳಿಗೆಯ ಜೊತೆ ಟ್ರಂಕಿನಲ್ಲಿತ್ತು. ಈಗ ಮೈಗೆ ಹಿಡಿಯುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ಅದನ್ನು ಪೂರ್ತಿ ಬಿಚ್ಚಿ, ಉಣ್ಣೆಯನ್ನು ತೊಳೆದು ಒಣಗಿಸಿ, ಎರಡು ಟೋಪಿ, ಎರಡು ಜೊತೆ ಕೈಗವಸು ಹೆಣೆದರು. ಒಂದು ಜೊತೆ ನನಗೆ. ನಾನಾಗಲೇ ಅಂಗಡಿಯಿಂದ ಗಾಳಿ ತಡೆಯುವ ಒಳ್ಳೆ ಕೈಗವಸು ತಂದಿದ್ದೆ. ಅವರು ಕೊಟ್ಟದ್ದನ್ನು ಥ್ಯಾಂಕ್ಸ್ ಹೇಳಿ ಅಲ್ಮೇರಾದಲ್ಲಿಟ್ಟೆ, ಮದುವೆಯ ನಂತರ ಬಿಚ್ಚಿಟ್ಟ ನನ್ನ ಲಿಂಗದ ಕರಡಿಗೆಯ ಪಕ್ಕದಲ್ಲಿ. ಅತ್ತೆ ಅದರ ಬಗ್ಗೆಯೂ ಎಂದೂ ಕೇಳಿರಲಿಲ್ಲ.

*

ಏಪ್ರಿಲ್ ಕೊನೆಗೆ ರೈಲು, ಬಸ್ಸು, ಜೀಪು ದಾಟಿ ಮೊದಲ ಹಳ್ಳಿ ತಲುಪಿದೆವು. ಸಮುದ್ರಮಟ್ಟದಿಂದ ಸಾವಿರದ ಒಂಬೈನೂರು ಮೀಟರ್. ದೇವದಾರು ತೊಲೆ ಮತ್ತು ಕಲ್ಲನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಮನೆಗಳು, ಕೆಳಗೆ ದನ, ಮೇಲೆ ಜನ. ಊರ ನಡುವೆ ಮರದ ಗುಡಿ. ನಾವು ಇಳಿದುಕೊಂಡ ಮನೆಯ ಅಜ್ಜಿ ಕೈಯಲ್ಲಿ ತಕಲಿ ತಿರುಗಿಸಿ ಉಣ್ಣೆ ನೂಲುತ್ತಲೇ ನಮಗೆ ರೊಟ್ಟಿ ಕೊಟ್ಟಳು. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಆಶಾ, ಇದು ರಾಗಿ!" ಎಂದು ಕೂಗಿದರು. "ಇಷ್ಟು ದೂರ ಬಂದು ರಾಗಿ ರೊಟ್ಟಿ ತಿನ್ನಾಕತ್ತೀವಲ್ಲ!" ಅಜ್ಜಿಗೆ ಕನ್ನಡ ಬಾರದು, ಅತ್ತೆಗೆ ಗಢವಾಲಿ ಬಾರದು. ಆದರೂ ಸಂಜೆವರೆಗೆ ಇಬ್ಬರೂ ಮಾತಾಡಿದರು.

ಮುಂದಿನ ದಾರಿಯನ್ನು ಗಿರೀಶ ಸರಳವಾಗಿ ಹೇಳಿದ. ಎರಡೂವರೆ ಸಾವಿರ ಮೀಟರಿನಲ್ಲಿ ಒಂದು ಶಿಬಿರ. ಎರಡು ಸಾವಿರದ ಒಂಬೈನೂರರಲ್ಲಿ ಇನ್ನೊಂದು. ಅಲ್ಲಿ ಒಂದು ದಿನ ವಿಶ್ರಾಂತಿ, ಅದರ ಮಾರನೆಯ ದಿನ ಮೂರೂವರೆ ಸಾವಿರ ಮೀಟರಿನ ಬೆಟ್ಟದ ಏಣು. ಅಲ್ಲಿಂದ ಹಿಮಶಿಖರಗಳ ಸಾಲು ಕಾಣುತ್ತದೆ. ದಿನಾ ಬೆಳಿಗ್ಗೆ ಚಹಾದ ಹೊತ್ತಿಗೆ, ಸಂಜೆ ಒಮ್ಮೆ, ಎಲ್ಲರ ಬೆರಳಿಗೆ ಆಕ್ಸಿಮೀಟರ್ ಹಾಕಿ ರಕ್ತದ ಆಮ್ಲಜನಕ ನೋಡುತ್ತಾನೆ.

"ಎರಡು ರೂಲ್ಸು," ಎಂದ. "ಬೆಳಗ್ಗಿನ ನಂಬರು ಎಂಬತ್ತಕ್ಕಿಂತ ಕೆಳಗಿದ್ರೆ ಮೇಲಿಲ್ಲ, ಕೆಳಗೆ. ತಲೆನೋವಿದ್ರೂ ಅಷ್ಟೇ. ಯಾರಾದ್ರೂ ಸರಿ." ಕೊನೆಯ ಮಾತು ಹೇಳುವಾಗ ಅವನ ಕಣ್ಣು ಅತ್ತೆಯ ಕಡೆ ಹೋಗಿ ಸರಕ್ಕನೆ ತಿರುಗಿತು. ಮೂರನೇ ಕ್ಲಾಸಿನಲ್ಲಿ ಅವನು ಅವರ ಕೈಕೆಳಗೆ ಕೊಂಡಜ್ಜಿ ಶಿಬಿರದಲ್ಲಿದ್ದ ಹುಡುಗ.

"ರೂಲ್ಸ್ ಹೇಳಿದ್ದು ಸರಿ ಐತೆ," ಎಂದರು ಅತ್ತೆ. "ಡೇರೆ ಹಗ್ಗಕ್ಕೆ ಹಾಕಿರೋ ಗಂಟು ಮಾತ್ರ ತಪ್ಪು. ಏನ್ ಕಲಿಸಿದ್ದೆ ನಿಂಗೆ?"

ಹದಿನೈದು ಜನರ ಎದುರು ಗಿರೀಶ ಗಂಟು ಬಿಚ್ಚಿ ಮತ್ತೆ ಹಾಕಿದ.

ಓಕ್ ಕಾಡಿನ ನಡುವೆ ದಾರಿ. ಮರದ ಕೊಂಬೆಗಳಿಂದ ಬೂದು ಬಣ್ಣದ ಕಲ್ಲುಹೂವು ಗಡ್ಡದಂತೆ ಇಳಿಬಿದ್ದಿತ್ತು. ಮೇಲೇರಿದಂತೆ ಬುರಾಂಶ್ ಮರಗಳು ಕೆಂಪು ಹೂ ಹೊತ್ತು ನಿಂತಿದ್ದವು. ಸೊಪ್ಪಿನ ಹೊರೆ ಹೊತ್ತ ಹೆಂಗಸರು ನಮ್ಮನ್ನು ದಾಟಿ ಓಡಿದಂತೆ ಹತ್ತಿದರು. ಅತ್ತೆ ಒಂದೇ ಹದದಲ್ಲಿ ನಡೆದರು. ಮೂವತ್ತರ ಹುಡುಗರು ಓಡಿ, ಕೂತು, ಮತ್ತೆ ಓಡುವಷ್ಟರಲ್ಲಿ ಇವರು ಮುಂದಿರುತ್ತಿದ್ದರು.

ಎರಡನೆಯ ಶಿಬಿರದಲ್ಲಿ ಚೀಲ ಬಿಚ್ಚಿದಾಗ ದಾವಣಗೆರೆಯಿಂದ ತಂದ ಖಾರ ಮಂಡಕ್ಕಿಯ ಪೊಟ್ಟಣ ಚೆಂಡಿನಂತೆ ಊದಿಕೊಂಡಿತ್ತು.

"ಅಯ್ಯೋ, ಕೆಟ್ಟು ಹೋತು! ಗ್ಯಾಸ್ ತುಂಬೈತೆ ನೋಡು."

"ಕೆಟ್ಟಿಲ್ಲತ್ತೆ. ಹೊರಗಿನ ಗಾಳಿಯ ಒತ್ತಡ ಇಲ್ಲಿ ಕಡಿಮೆ. ಒಳಗಿರೋದು ನಮ್ಮೂರಿನ ಗಾಳಿ, ಅದು ಹಿಗ್ಗಿದೆ."

ಅವರು ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅದುಮಿದರು. "ದಾವಣಗೇರಿ ಗಾಳಿ!" ಎಂದು ನಕ್ಕರು. ಆ ದಿನ ಅದನ್ನು ಒಡೆಯಲು ಬಿಡಲಿಲ್ಲ.

*

ವಿಶ್ರಾಂತಿಯ ದಿನ ಬೆಳಿಗ್ಗೆ ಅವರ ಅಂಕಿ ಎಪ್ಪತ್ತಾರು ಬಂತು.

ಗಿರೀಶ ಯಂತ್ರವನ್ನು ತೆಗೆದು ಒರೆಸಿ ಮತ್ತೆ ಹಾಕಿದ. ಎಪ್ಪತ್ತೈದು. ಅವನು ಅವರ ಮುಖ ನೋಡದೆ, ಚಹಾದ ಲೋಟ ನೋಡುತ್ತ ಹೇಳಿದ. "ಟೀಚರ್, ಇವತ್ತು ಹೆಂಗೂ ರೆಸ್ಟು. ನಾಳೆ ಬೆಳಿಗ್ಗೆನೂ ಹಿಂಗೇ ಇದ್ರೆ... ಜೈವೀರ್ ನಿಮ್ಮನ್ನ ಹಳ್ಳಿಗೆ ಇಳಿಸ್ತಾನೆ." ಜೈವೀರ್ ನಮ್ಮ ಜೊತೆಗಿದ್ದ ಆ ಊರಿನ ಮಾರ್ಗದರ್ಶಿ.

"ಆಗ್ಲಿ," ಎಂದರು ಅತ್ತೆ. ಚಹಾ ಕುಡಿದು ಮುಗಿಸಿದರು. ಲೋಟ ತೊಳೆದಿಟ್ಟರು. ಡೇರೆಗೆ ಹೋಗಿ, ಆಗಲೇ ಮಡಿಸಿದ್ದ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಿಸತೊಡಗಿದರು.

"ತಲೆನೋವು ಏನಾದ್ರೂ ಇದೆಯಾ?" ಎಂದು ಕೇಳಿದೆ.

"ಇಲ್ಲ."

'ತಲೆನೋವು: ಇಲ್ಲ' ಎಂದು ಬರೆದುಕೊಂಡು, ಬಂಡೆಯೊಂದರ ಮೇಲೆ ಕೂತು ಹಿಂದಿನ ಪುಟ ತಿರುವಿದೆ. ಹಳ್ಳಿಯಲ್ಲಿ ಸಂಜೆ ತೊಂಬತ್ತೈದು, ಬೆಳಿಗ್ಗೆ ಎಂಬತ್ತೊಂಬತ್ತು. ಮೊದಲ ಶಿಬಿರದಲ್ಲಿ ಸಂಜೆ ತೊಂಬತ್ತೆರಡು, ಬೆಳಿಗ್ಗೆ ಎಂಬತ್ತೊಂದು. ಇಲ್ಲಿ ನಿನ್ನೆ ಸಂಜೆ ತೊಂಬತ್ತು. ಉಳಿದ ಹದಿನಾಲ್ಕು ಜನರಿಗೆ ಬೆಳಿಗ್ಗೆಗೂ ಸಂಜೆಗೂ ಎರಡು ಮೂರರ ವ್ಯತ್ಯಾಸ. ಇವರಿಗೆ ಮಾತ್ರ ಬೆಳಿಗ್ಗೆ ಪಾತಾಳ. ಕಾಯಿಲೆ ಬಂದ ದೇಹ ಸಂಜೆಯಾಗುತ್ತಲೇ ಹೀಗೆ ನೆಟ್ಟಗಾಗುವುದಿಲ್ಲ. ಬೆಳಿಗ್ಗೆ ಇವರು ಮಾಡುವ, ಬೇರೆ ಯಾರೂ ಮಾಡದ ಏನೋ ಒಂದು ಇರಬೇಕು.

ಅದು ನನ್ನ ಕಣ್ಣೆದುರೇ ದಿನಾ ನಡೆಯುತ್ತಿತ್ತು. ಪೂಜೆ ಆಗದೆ ಅತ್ತೆ ಒಂದು ಹನಿ ನೀರೂ ಕುಡಿಯುವುದಿಲ್ಲ. ಎದ್ದು, ಹಳ್ಳದ ನೀರಿನಲ್ಲಿ ಕೈಕಾಲು ಮುಖ ತೊಳೆದು, ವಿಭೂತಿ ಧರಿಸಿ, ಡೇರೆಯ ಬಾಗಿಲಲ್ಲಿ ಕೂರುತ್ತಾರೆ. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯ ಮೇಲಿಟ್ಟು, ಬಲಗೈಯಿಂದ ಅದೇ ಹಳ್ಳದ ನೀರೆರೆದು, ಆ ಒದ್ದೆ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಇಪ್ಪತ್ತು ನಿಮಿಷ ನೋಡುತ್ತಾರೆ. ನೀರು ಹಿಮ ಕರಗಿ ಬಂದದ್ದು. ಅಲ್ಲಿಂದ ನೇರ ಚಹಾಕ್ಕೆ. ಬಲಗೈಯಲ್ಲಿ ಲೋಟ. ಗಿರೀಶನ ಯಂತ್ರಕ್ಕೆ ಚಾಚುವುದು ಎಡಗೈ.

ಎದ್ದು ಓಡಿದೆ.

"ಅತ್ತೆ, ಕೈ ಕೊಡ್ರಿ."

"ಯಾಕ?"

"ಒಂದು ಪ್ರಯೋಗ."

ಬಿಸಿಲು ಏರಿತ್ತು. ಗಿರೀಶನಿಂದ ಯಂತ್ರ ತಂದು ಹಾಕಿದೆ. ಬಲಗೈ ತೊಂಬತ್ತು, ಎಡಗೈ ತೊಂಬತ್ತು. ಹಳ್ಳದ ಹತ್ತಿರ ಕರೆದೊಯ್ದು ಎಡಗೈ ಅದ್ದಿಸಿ, ಹತ್ತು ನಿಮಿಷ ಎತ್ತಿ ಹಿಡಿಸಿದೆ. ಎಪ್ಪತ್ತೆಂಟು. ಬಲಗೈ ಆಗಲೂ ತೊಂಬತ್ತೇ. ಆಮೇಲೆ ಅವರ ಎಡಗೈಯನ್ನು ನನ್ನೆರಡು ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜಿದೆ. ಒಂಬತ್ತು ವರ್ಷದಲ್ಲಿ ನಾನು ಅವರ ಕೈ ಹಿಡಿದದ್ದು ಅದೇ ಮೊದಲು. ನಾನೆಣಿಸಿದ್ದಕ್ಕಿಂತ ಸಣ್ಣ ಕೈ. ಹಗ್ಗದ ಗಂಟು ಬಿಗಿದ ಬೆರಳುಗಳ ತುದಿ ಇನ್ನೂ ಒರಟಾಗಿತ್ತು. ಎಂಬತ್ಮೂರು, ಎಂಬತ್ತೇಳು, ತೊಂಬತ್ತು.

"ನೋಡಿದ್ರಾ! ನಿಮ್ಮ ರಕ್ತ ಸರಿಯಾಗೇ ಇದೆ. ತಣ್ಣಗಿನ ಬೆರಳಲ್ಲಿ ರಕ್ತ ಸಣ್ಣಗೆ ಹರೀತದೆ, ಯಂತ್ರಕ್ಕೆ ಕಾಣಲ್ಲ. ತಪ್ಪು ಲೆಕ್ಕ ಕೊಡ್ತದೆ."

ಅವರು ಖುಷಿಪಡಲಿಲ್ಲ. ಹುಬ್ಬು ಗಂಟಿಕ್ಕಿ ಕೇಳಿದರು. "ಅಂದ್ರೆ ಕೈ ಬೆಚ್ಚಗೆ ಮಾಡ್ಕೊಂಡು ತೋರ್ಸದಾ? ಅದು ಮೋಸ ಆಗಲ್ಲೇನು? ಪರೀಕ್ಷೆ ಮುಂಚೆ ಚೀಟಿ ನೋಡ್ದಂಗೆ?"

ಅವರ ಬೆರಳನ್ನು ಹಿಡಿದುಕೊಂಡೇ ಕೇಳಿದೆ. "ನಮ್ಮ ಬೀದೀಲಿ ಕೊನೇ ಮನೆ ನಲ್ಲಿಗೆ ನೀರು ಹೆಂಗೆ ಬರ್ತದೆ?"

"ದಾರದಂಗೆ."

"ಅದನ್ನ ನೋಡಿ ಊರಿಗೆ ನೀರು ಕೊಡೋ ಕುಂದವಾಡ ಕೆರೆ ಬತ್ತೈತೆ ಅಂತೀರಾ?"

ಅತ್ತೆ ತಮ್ಮ ಬೆರಳನ್ನು ನೋಡಿದರು. "ಕೊನೇ ಮನೆ," ಎಂದರು. ಆಮೇಲೆ ಮೆಲ್ಲಗೆ, "ಪೂಜಿ ಬಿಡು ಅಂತ ಮಾತ್ರ ಹೇಳ್‌ಬ್ಯಾಡ."

"ನಾನ್ಯಾಕೆ ಹೇಳ್ಲಿ? ನೀರು ಬೆಚ್ಚಗಿದ್ರೆ ಆಯ್ತು."

ಗಿರೀಶನಿಗೆ ನೋಟ್‌ಬುಕ್ ತೋರಿಸಿದೆ. ಎರಡು ಸಲ ಓದಿದ. "ನಾಳೆ ಎರಡೂ ಕೈ ನೋಡ್ತೀನಿ," ಎಂದವನು, ಎದ್ದು ಹೋಗುವಾಗ ಒಂದು ಸಣ್ಣ ಶಿಳ್ಳೆ ಹಾಕಿದ. ಟೀಚರನ್ನು ಇಳಿಸಬೇಕಾದ ಭಾರ ಅವನ ಹೆಗಲಿಂದ ಇಳಿದಿತ್ತು.

ಅಂದು ಮಲಗುವ ಮುನ್ನ ಕುದಿಸಿದ ನೀರನ್ನು ಸ್ಟೀಲ್ ಬಾಟಲಿಗೆ ತುಂಬಿ, ಕಾಲ್ಚೀಲದಲ್ಲಿ ಸುತ್ತಿ, ನನ್ನ ಮಲಗುವ ಚೀಲದೊಳಗೆ ಹೊಟ್ಟೆಯ ಹತ್ತಿರ ಇಟ್ಟುಕೊಂಡೆ.

*

ಬೆಳಿಗ್ಗೆ ನೀರು ಇನ್ನೂ ಉಗುರುಬೆಚ್ಚಗಿತ್ತು. ಅತ್ತೆ ಅದರಲ್ಲೇ ಮುಖ ತೊಳೆದರು. ಅಂಗೈಯಲ್ಲಿ ಲಿಂಗವಿಟ್ಟಾಗ ಅವರು ಕೇಳಲಿಲ್ಲ, ನಾನಾಗಿಯೇ ಬಾಟಲಿ ಬಗ್ಗಿಸಿ ನೀರೆರೆದೆ. ಬೆರಳ ಸಂದಿಯಿಂದ ಸಣ್ಣ ಹಬೆ ಎದ್ದಿತು. ಮುಗಿದ ಮೇಲೆ ಕೈಯನ್ನು ಟವೆಲಿನಲ್ಲಿ ಒತ್ತಿ ಒಣಗಿಸಿ ಮರೂನ್ ಕೈಗವಸು ತೊಡಿಸಿದೆ. ಚಹಾ ಬರುವವರೆಗೂ ತೆಗೆಯಬೇಡಿ ಎಂದೆ.

ಬಲಗೈ ಎಂಬತ್ತೊಂಬತ್ತು. ಎಡಗೈ ಎಂಬತ್ತೆಂಟು.

"ಟೀಚರ್, ರೆಡಿ!" ಎಂದು ಗಿರೀಶ ಕೂಗಿದ. ಯಾರೋ ಚಪ್ಪಾಳೆ ತಟ್ಟಿದರು. ನಾನು ಅಂಕಿ ಬರೆಯಲು ಪೆನ್ನಿನ ಮುಚ್ಚಳ ತೆಗೆದೆ.

"ಗಿರೀಶ," ಎಂದರು ಅತ್ತೆ, ತರಗತಿಯಲ್ಲಿ ಕರೆಯುವ ದನಿಯಲ್ಲಿ. "ಇನ್ನೊಂದು ರೂಲ್ ಐತಲ್ಲ. ಕೇಳೋದೇ ಮರೆತಿ."

ಅವನ ನಗು ನಿಂತಿತು. "ತಲೆನೋವು ಐತೇನ್ರಿ ಟೀಚರ್?"

"ಐತೆ. ನಿನ್ನೆ ಬೆಳಗ್ಗಿಂದ. ಇವತ್ತು ಜಾಸ್ತಿ."

"ನಿನ್ನೆ ಇಲ್ಲ ಅಂದ್ರಿ," ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

"ಹೌದು, ಇಲ್ಲ ಅಂದೆ. ನಿನ್ನೆ ಯಂತ್ರನೂ ಸುಳ್ಳು ಹೇಳ್ತಿತ್ತು, ನಾನೂ ಹೇಳ್ದೆ. ಯಂತ್ರ ನೀ ಸರಿ ಮಾಡ್ದಿ. ಇನ್ನೂ ನಾ ಒಬ್ಬಾಕಿ ಸುಳ್ಳು ಹೇಳಿದ್ರೆ ನಿನ್ನ ಪುಸ್ತಕ ಕೆಟ್ಟೋಗ್ತದೆ." ನೋಟ್‌ಬುಕ್ಕಿನ ಕಡೆ ಬೆರಳು ತೋರಿಸಿದರು. "ನಿನ್ನೆದು ಹೊಡ್ದಾಕು. ಐತೆ ಅಂತ ಬರಿ."

ನಾನು ಹೊಡೆದುಹಾಕಿ ಬರೆದೆ.

ಗಿರೀಶ ಅವರ ಎದುರು ಮೊಣಕಾಲೂರಿ ಕೂತು ನೀರು ಎಷ್ಟು ಕುಡಿದಿರಿ, ವಾಂತಿ ಬಂದಂತಿದೆಯೇ ಎಂದೆಲ್ಲ ಕೇಳಿದ. "ಗಾಬರಿ ಏನಿಲ್ಲ. ಐನೂರು ಮೀಟರ್ ಇಳಿದ್ರೆ ಹೋಗ್ತದೆ. ಆದ್ರೆ ಮೇಲೆ..."

"ನಂಗೊತ್ತೈತಪ್ಪ. ನೀ ಹೋಗು, ಮಕ್ಕಳು ಕಾಯಾಕತ್ತಾರೆ."

ನಾನು ನನ್ನ ಚೀಲದ ದಾರ ಬಿಗಿದೆ. "ನಡೀರಿ ಅತ್ತೆ, ನಾನೂ ಇಳೀತೀನಿ."

"ಯಾಕ? ನಿಂಗೂ ತಲೆನೋವಾ?"

"ಇಲ್ಲ. ನಿಮ್ಮನ್ನ ಒಬ್ಬರನ್ನೇ..."

"ಒಬ್ಬಾಕಿ ಯಾಕಾಗ್ತೀನಿ? ಜೈವೀರ್ ಅದಾನ. ಎರಡು ಹೇಸರಗತ್ತೆ ಅದಾವ. ಕೆಳಗೆ ನಮ್ಮಜ್ಜಿ ಅದಾಳ."

"ನೀವಿಲ್ದೆ ನಾನು ಹೋಗಿ ಏನು ಮಾಡ್ಲಿ?"

ಅತ್ತೆ ಕೈಗವಸು ಬಿಚ್ಚಿದರು. "ನಮ್ಮತ್ತೆ ಒಂದ್ಸಲ ಬ್ಯಾಡ ಅಂದಿದ್ಳು," ಎಂದರು. "ನಮ್ಮನೀಗೆ ಅಷ್ಟು ಸಾಕು. ಹೋಗು." ಆಮೇಲೆ ನನ್ನ ಕೈ ನೋಡಿ, "ನಿಂಗೆ ಹೆಣೆದಿದ್ದು ಎಲ್ಲೈತೆ?"

"ಮನೇಲಿ."

"ಗೊತ್ತಿತ್ತು ಬಿಡು." ತಮ್ಮದನ್ನೇ ನನ್ನ ಕೈಗೆ ತೂರಿಸಿ, ಅದರ ಮೇಲೆ ನನ್ನ ಅಂಗಡಿಯದನ್ನು ಎಳೆದರು. "ನಿಂದು ಗಾಳಿ ತಡೀತದೆ. ಚಳಿ ತಡೆಯೋದು ಇದು."

ದಾರಿ ತಿರುಗುವಲ್ಲಿ ನಿಂತು ನೋಡಿದೆ. ಅವರು ಜೈವೀರನಿಗೆ ಹೇಸರಗತ್ತೆಯ ಹೊರೆಯ ಗಂಟನ್ನು ತೋರಿಸಿ ಏನೋ ಹೇಳುತ್ತಿದ್ದರು.

*

ಏಣು ತಲುಪಿದಾಗ ಹನ್ನೊಂದು ಗಂಟೆ. ಹಿಮಶಿಖರಗಳು ಆಕಾಶದ ಅರ್ಧ ತುಂಬಿದ್ದವು. ಉಳಿದವರು ಕೂಗಿದರು, ಫೋಟೊ ತೆಗೆದರು. ನಾನು ಕ್ಷೇತ್ರಪ್ರವಾಸಕ್ಕೆ ಬಂದ ವಿದ್ಯಾರ್ಥಿಯ ಹಾಗೆ ನಿಂತಿದ್ದೆ. ಅತ್ತೆ ಏನೇನು ಕೇಳಬಹುದು ಎಂದು ಊಹಿಸಿಕೊಂಡು, ಆ ಪ್ರಶ್ನೆಗಳಿಗಾಗಿ ಒಂದೊಂದನ್ನೇ ನೋಡಿದೆ. ಹಿಮಕ್ಕೆ ಬರೀ ಬಿಳಿ ಬಣ್ಣವಲ್ಲ. ನೆರಳಿರುವಲ್ಲಿ ಅದು ಬಟ್ಟೆಗೆ ಹಾಕುವ ನೀಲಿಯಂತಿತ್ತು. ಹುಲ್ಲು ಆಗಷ್ಟೇ ಚಿಗುರಿತ್ತು, ಅದರ ನಡುವೆ ಉಗುರಿನಷ್ಟು ನೇರಳೆ ಹೂಗಳು. ಗಾಳಿ ನಿಂತಾಗ ಎಲ್ಲೋ ಕೆಳಗೆ ನೀರು ಹರಿಯುವ ಸದ್ದು. ಹದಿಮೂರು ಶಿಖರ ಎಣಿಸಿದೆ. ಮೋಡ ಬಂದು ಎರಡನ್ನು ಮುಚ್ಚಿತು. ಮಂಡಕ್ಕಿಯ ಪೊಟ್ಟಣ ನನ್ನ ಚೀಲದಲ್ಲೇ ಇತ್ತು, ಇನ್ನಷ್ಟು ಊದಿಕೊಂಡು ಬಿರಿಯುವಂತಾಗಿತ್ತು. ಒಡೆಯಲು ಮನಸ್ಸಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಹಳ್ಳಿಗೆ ಇಳಿದೆವು. ಮರದ ಮನೆಯ ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಇಬ್ಬರು ಮುದುಕಿಯರು ಕೂತಿದ್ದರು. ಒಬ್ಬಳ ತಕಲಿ ಬುಗುರಿಯಂತೆ ಸುತ್ತುತ್ತಿತ್ತು. ಇನ್ನೊಬ್ಬರ ತಕಲಿ ಎರಡು ಸುತ್ತು ತಿರುಗಿ ದಾರ ಹರಿದು ಬಿತ್ತು. ಗಢವಾಲಿ ಅಜ್ಜಿ ಬೈದಳು. ಅತ್ತೆ, "ಆತು ಬಿಡವ್ವ, ಕಲೀತೀನಿ," ಎಂದು ಕನ್ನಡದಲ್ಲೇ ಉತ್ತರಿಸಿ ಮತ್ತೆ ಎತ್ತಿಕೊಂಡರು.

ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಕೂಡು. ಅರ್ಧ ದಾರೀಲೇ ತಲೆನೋವು ಹೋತು ನೋಡು. ಓಕ್ ಗಿಡದ ಕೆಳಗ ಮಲಗಿದ್ದೆ, ಜೈವೀರ್ ಹೆದ್ರಿ ಎಬ್ಬಿಸ್ದ." ಆಮೇಲೆ, "ಹೇಳು. ಮೊದ್ಲಿಂದ."

ಹೇಳಿದೆ. ನೀಲಿ ನೆರಳು, ನೇರಳೆ ಹೂ, ಹದಿಮೂರು ಶಿಖರ. ಹೂವಿಗೆ ಎಷ್ಟು ಎಸಳು ಎಂದು ಕೇಳಿದರು. ಐದು. ನೀರಿನ ಸದ್ದು ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಕೇಳಿದರು. ಅದನ್ನು ನಾನು ಗಮನಿಸಿರಲಿಲ್ಲ. "ಮುಂದ್ಲ ಸಲ ನೋಡಿ ಬಾ," ಎಂದರು. ಕೊನೆಗೆ ಪೊಟ್ಟಣ ತೆಗೆದು ಅವರ ಮಡಿಲಲ್ಲಿಟ್ಟೆ. ಕೆಳಗಿಳಿದಿದ್ದರಿಂದ ಅದು ಸ್ವಲ್ಪ ಸೊರಗಿತ್ತು. ಅವರು ಅದನ್ನು ಅದುಮಿ ನೋಡಿ, ಹಲ್ಲಿನಿಂದ ಕಚ್ಚಿ ಹರಿದು, ಮೊದಲ ಮುಷ್ಟಿಯನ್ನು ಅಜ್ಜಿಯ ಕೈಗೆ ಸುರಿದರು.

"ಮ್ಯಾಲೆ ನಿಂದು ಎಷ್ಟು ಬಂತು?"

"ಎಂಬತ್ತಾರು."

"ಕೈ ಬೆಚ್ಚಗಿತ್ತಾ?"

ನಾನು ಮೇಲಿನ ಕೈಗವಸು ತೆಗೆದು, ಒಳಗಿನ ಮರೂನ್ ಉಣ್ಣೆಯ ಸಮೇತ ಕೈಯನ್ನು ಅವರ ಕೈಯಲ್ಲಿಟ್ಟೆ. ಅವರು ಅದನ್ನು ಬಿಚ್ಚಿ, ನನ್ನ ಬೆರಳನ್ನು ಒಂದೊಂದಾಗಿ ಮುಟ್ಟಿ ನೋಡಿದರು, ಮಗುವಿಗೆ ಜ್ವರ ನೋಡುವ ಹಾಗೆ. ಆಮೇಲೆ ನೋಟ್‌ಬುಕ್ ಕೇಳಿ ಇಸಿದುಕೊಂಡು, ಏಣಿನ ದಿನದ ಸಾಲಿನಲ್ಲಿ ಎಂಬತ್ತಾರರ ಪಕ್ಕದಲ್ಲಿ, ಶಾಲೆಯ ದುಂಡಕ್ಷರದಲ್ಲಿ ತಾವೇ ಬರೆದರು: ಬೆಚ್ಚಗಿತ್ತು.